ಉಪ್ಪುಕೊಳದ ನಾಲ್ಕನೇ ಮೆಟ್ಟಿಲು

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬೇಡ, ಅಲ್ಲಿಯವರಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಊರಾಚೆ ಬಂಡೆ ಕಡಿದು ಮಾಡಿದ ಕೊಳವೊಂದಿದೆ, ಅದರ ನೀರು ಉಪ್ಪು. ಆ ನೆಲದಲ್ಲಿ ಎಲ್ಲಿ ತೋಡಿದರೂ ಸವಳು ನೀರೇ ಬರುವುದು. ಆದರೆ ಊರವರ ಲೆಕ್ಕ ಬೇರೆ. ಮೈಮೇಲೆ ನರೂಲಿ ಎದ್ದವರು ಒಂದು ಹಿಡಿ ಉಪ್ಪು, ಒಂದು ಅಚ್ಚು ಬೆಲ್ಲ ತಂದು ಕೊಳಕ್ಕೆ ಹಾಕುತ್ತಾರೆ. ಉಪ್ಪು ಕರಗಿದ ಹಾಗೆ ನರೂಲಿ ಕರಗಬೇಕು. ನಾಲ್ಕು ತಲೆಮಾರಿನವರು ಉಪ್ಪು ಹಾಕಿ ಹಾಕಿ ನೀರು ಹೀಗಾಯಿತು ಎನ್ನುತ್ತಾರೆ. ಹಾಗಾದರೆ ಅಷ್ಟೂ ಬೆಲ್ಲ ಎಲ್ಲಿ ಹೋಯಿತು ಎಂದು ಒಬ್ಬನೂ ಕೇಳಲಿಲ್ಲ. ಬುದ್ಧಿವಂತರ ಊರು!

ಕೊಳದ ಚಾಕರಿ ಪುಟ್ಟಸಿದ್ದಯ್ಯನದು, ಅವನಪ್ಪನ ಕಾಲದಿಂದಲೂ. ಮೆಟ್ಟಿಲಿಗೆ ಹಿಡಿದ ಪಾಚಿ ಕೆರೆಯಬೇಕು. ದಡದ ಮಾದಪ್ಪನ ಗುಡಿಯಲ್ಲಿ ಮಿಕ್ಕ ಪುರಿ, ತಂಬಿಟ್ಟು ಮೀನಿಗೆ ಹಾಕಬೇಕು. ಅವು ದೇವರ ಮೀನು. ಹಿಡಿಯುವ ಹಾಗಿಲ್ಲ, ಅವು ಸಾಯುವಂಥದ್ದನ್ನು ನೀರಿಗೆ ಬೆರೆಸುವ ಹಾಗೂ ಇಲ್ಲ. ಸುಣ್ಣ ಸುರಿ, ಮೈಲುತುತ್ತ ಹಾಕು ಎಂದು ಎಲೆತೋಟದವರು ಬಿಟ್ಟಿ ಸಲಹೆ ಕೊಡುತ್ತಿದ್ದರು. ಮೀನು ಸತ್ತರೆ ದೇವರಿಗೆ ಉತ್ತರ ಹೇಳಬೇಕಾದವನು ಪುಟ್ಟಸಿದ್ದಯ್ಯ. ಹಾಗಾಗಿ ಅವನಿಗೆ ಉಳಿದದ್ದು ಒಂದು ಮೊಂಡು ಕುಡುಗೋಲು, ತೆಂಗಿನ ಮಟ್ಟೆ, ಒಂದು ಬಾಂಡ್ಲಿ ಮರಳು.

ಅರವತ್ತನಾಲ್ಕನೇ ಇಸವಿಯ ಕಾರ್ತಿಕದಲ್ಲಿ ಅವನ ಹೆಂಡತಿ ಸೋಮಮ್ಮ ಗುಡಿಯ ಪಾತ್ರೆ ತೊಳೆಯಲು ಇಳಿದವಳು ನಾಲ್ಕನೇ ಮೆಟ್ಟಿಲ ಪಾಚಿಯ ಮೇಲೆ ಜಾರಿದಳು. ತಲೆಯ ಹಿಂಬದಿ ಕಲ್ಲಿಗೆ ಬಡಿಯಿತು. ಕೊಳ್ಳೇಗಾಲಕ್ಕೆ ಗಾಡಿ ಕಟ್ಟಿಕೊಂಡು ಹೋದರು. ಮೂರು ದಿನ ಮಾತಿಲ್ಲದೆ ಮಲಗಿದ್ದು ಹೋಗಿಬಿಟ್ಟಳು.

ಪುಟ್ಟಸಿದ್ದಯ್ಯ ಅಳಲಿಲ್ಲ. ತಿಥಿ ಮುಗಿದ ಮಾರನೆಯ ದಿನ ಕುಡುಗೋಲು ಹಿಡಿದು ಕೊಳಕ್ಕೆ ಇಳಿದ. ಗಂಡನಿಲ್ಲದ ತಂಗಿ ಶಿವನಂಜಮ್ಮ ಬಂದು ಮನೆ ನೋಡಿಕೊಂಡಳು. ಒಂದು ದಿನ ಅವಳು ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಇವನು ಎರಡು ಮುದ್ದೆ ಉಂಡು ಕೈ ತೊಳೆದು ಎದ್ದ. ಆಮೇಲೆ ತಾನು ಉಣ್ಣುವಾಗ ಅವಳಿಗೆ ತಿಳಿಯಿತು. ಅಣ್ಣನಿಗೆ ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು ಎಂದು ಅತ್ತವಳು ಅವಳೇ.

ಅವನು ತಾನಾಗಿ ಮಾಡುತ್ತಿದ್ದದ್ದು ಒಂದೇ ಕೆಲಸ. ಸೋಮವಾರ ಸೋಮವಾರ ಒಂದು ಸೇರು ಪುರಿಗೆ ಬೆಲ್ಲ ಕಲಸಿ, ಸೋಮಮ್ಮನ ಹೆಸರು ಹೇಳಿ, ಅವಳು ಬಿದ್ದ ಮೆಟ್ಟಿಲ ಮೇಲೇ ಸುರಿಯುತ್ತಿದ್ದ. ಮೀನು ಮುತ್ತಿಕೊಂಡು ತಿನ್ನುವುದನ್ನು ನೋಡುತ್ತ ಕೂರುತ್ತಿದ್ದ. ಬೇರೆ ಮೆಟ್ಟಿಲನ್ನು ಕೆರೆದರೆ ಹದಿನೈದು ದಿನ ನೋಡಬೇಕಿರಲಿಲ್ಲ, ಇದು ಮಾತ್ರ ನಾಲ್ಕೇ ದಿನಕ್ಕೆ ಮತ್ತೆ ಹಸಿರಾಗುತ್ತಿತ್ತು. ಸೋಮಮ್ಮನ ಉಸಿರು ಅಲ್ಲೇ ಇದೆ ಎಂದು ಊರ ಹೆಂಗಸರು ಪಿಸುಗುಟ್ಟಿದರು. ಇವನು ಮತ್ತೆ ಕೆರೆದ.

ಅರವತ್ತೇಳರಲ್ಲಿ ಮಗಳು ಪುಟ್ಟಮಾದಮ್ಮ ಸತ್ತೇಗಾಲದ ಗಂಡನ ಮನೆಯಿಂದ ಹೆರಿಗೆಗೆ ಬಂದಳು. ಗಂಡು ಮಗುವಾಯಿತು. ಮೂರನೇ ತಿಂಗಳಿಗೆ ಬಾಣಂತಿ ಗಂಗೆ ಪೂಜೆ ಮಾಡಿ ಒಂದು ಬಿಂದಿಗೆ ನೀರು ತರಬೇಕು. ಆ ಊರಲ್ಲಿ ಆ ನೀರು ಉಪ್ಪುಕೊಳದ್ದೇ ಆಗಬೇಕು, ಅದೂ ನಾಲ್ಕನೇ ಮೆಟ್ಟಿಲಲ್ಲಿ ನಿಂತು ತುಂಬಬೇಕು.

"ಇತ್ಲ ಬಾವೀಲಿ ಮಾಡುಸ್ಬುಡಾನ ಕಣವ್ವಾ," ಎಂದಳು ಶಿವನಂಜಮ್ಮ.

"ನಾನುಟ್ದಾಗ ನಮ್ಮವ್ವ ಅಲ್ಲೇ ಅಲ್ವಾ ನೀರು ತಂದದ್ದು? ನಾನೂ ಅಲ್ಲೇ ತತ್ತೀನಿ, ಅತ್ತೆ," ಎಂದಳು ಪುಟ್ಟಮಾದಮ್ಮ. ಹಟದಲ್ಲಿ ಅವ್ವನ ಮಗಳೇ.

ಪುಟ್ಟಸಿದ್ದಯ್ಯನ ಕಿವಿಗೂ ಈ ಮಾತು ಬಿತ್ತು. ಮೂರು ವರ್ಷದ ಮೇಲೆ ಅವನಿಗೆ ಏನೋ ಒಂದು ಅನ್ನಿಸಿತು, ಅದೂ ಭಯ. ದಿನಕ್ಕೆ ಎರಡು ಸಲ ಕೆರೆಯತೊಡಗಿದ. ಬೆರಳ ಸಂದಿ ಸುಲಿಯಿತು. ಪಾಚಿ ಹಟ ಬಿಡಲಿಲ್ಲ.

ಗಂಗೆ ಪೂಜೆಗೆ ಆರು ವಾರ ಇದೆ ಎನ್ನುವಾಗ, ಕೆರೆಗಳಿಗೆ ಮೀನುಮರಿ ಬಿಡಿಸಲು ಬಂದಿದ್ದ ಗೋವಿಂದಯ್ಯ ಎಂಬ ಅಧಿಕಾರಿ ಈ ಕೊಳ ನೋಡಲು ಬಂದರು. ಅವತ್ತು ಸೋಮವಾರ. ಪುಟ್ಟಸಿದ್ದಯ್ಯ ಪುರಿ ಸುರಿದು ಕೂತಿದ್ದ.

"ಏನಪ್ಪಾ, ಒಂದು ಕೈಯಲ್ಲಿ ಪಾಚಿ ಕೆರೀತೀಯ, ಇನ್ನೊಂದು ಕೈಯಲ್ಲಿ ಅದಕ್ಕೆ ಗೊಬ್ಬರ ಹಾಕ್ತೀಯ!"

"ಮೀನಿಗೆ ಆಕ್ತಾ ಇವ್ನಿ ಸಾ."

"ಮೀನು ತಿನ್ನೋದು ಅರ್ಧ. ಮಿಕ್ಕಿದ್ದು ಕೊಳೆತು ಪಾಚಿಗೆ ಹೋಗುತ್ತೆ. ನಿನ್ನ ಹೊಲದಲ್ಲಿ ತಿಪ್ಪೆ ಗೊಬ್ಬರ ಬಿದ್ದ ಕಡೆ ರಾಗಿ ಹೇಗೆ ಬರುತ್ತೆ? ಹಾಗೇ. ನೀನು ಹಾಕೋದು ನಿಲ್ಲಿಸು. ಹಸಿದರೆ ಈ ಮೀನೇ ಆ ಪಾಚಿ ಮೇಯುತ್ತೆ. ಹೊಟ್ಟೆ ತುಂಬಿದ್ದು ಯಾಕೆ ಮೇಯುತ್ತೆ ಹೇಳು?"

"ದ್ಯಾವ್ರ ಮೀನು ಸಾಯಾಕಿಲ್ವಾ ಸಾ?"

"ಸಾಯಲ್ಲ. ಯಾವಾಗಿಂದ ಹಾಕ್ತಿದೀಯ ಇಲ್ಲಿ?"

"ನಮ್ಮಪ್ಪನ್ ಕಾಲ್ದಿಂದ್ಲೂ ಗುಡೀಲಿ ಮಿಕ್ಕಿದ್ದು ಇಲ್ಲೇ, ಈ ಮೆಟ್ಲ ಮ್ಯಾಲೇ ಆಕದು. ಇಲ್ಲಿ ನಿಂತ್ಕಂಡ್ರೆ ಮೀನು ಚೆಂದಾಗಿ ಕಾಣ್ತವೆ."

ಗೋವಿಂದಯ್ಯ ನಕ್ಕು ಜೀಪು ಹತ್ತಿದರು. ಪುಟ್ಟಸಿದ್ದಯ್ಯ ಹೊಲದ ಮಾತನ್ನು ತಲೆಯಲ್ಲಿ ತಿರುಗಿಸುತ್ತ ಕತ್ತಲಾಗುವವರೆಗೂ ಅಲ್ಲೇ ಕೂತಿದ್ದ. ಮಗಳ ಕಾಲಷ್ಟೇ ಅವನ ಕಣ್ಣ ಮುಂದಿತ್ತು.

ಮಾರನೆಯ ದಿನದಿಂದ ಗುಡಿಯಲ್ಲಿ ಮಿಕ್ಕದ್ದು ದನಕ್ಕೆ ಹೋಯಿತು. ಸೋಮವಾರ ಬರಿಗೈಯಲ್ಲಿ ಹೋದ. ಮೀನು ಬಾಯಿ ತೆರೆದು ಮೆಟ್ಟಿಲಿಗೆ ಬಂದವು, ಬಹಳ ಹೊತ್ತು ಕಾದವು. ಹೆಂಡತಿಯ ತಟ್ಟೆ ಎಳೆದುಕೊಂಡ ಹಾಗೆ ಅನ್ನಿಸಿ ಅವನು ಬೇರೆ ಕಡೆ ತಿರುಗಿ ಕೂತ. ನರೂಲಿಯವರು ಬಂದರೆ ಉಪ್ಪು ಹಾಕಲು ಬಿಟ್ಟು ಬೆಲ್ಲ ಈಸಿಕೊಳ್ಳುತ್ತಿದ್ದ. ಹಾಗೆ ಬಿಟ್ಟ ಬೆಲ್ಲವನ್ನು ಮುಟ್ಟಿದವರಿಗೆ ಆ ನರೂಲಿ ಹತ್ತುತ್ತದೆ ಎಂದು ಎಲ್ಲರೂ ಬಲ್ಲರು. ಇವನು ಮುಟ್ಟಿ, ಒಯ್ದು ಇರುವೆ ಗೂಡಿನ ಬಳಿ ಇಟ್ಟ.

"ಎಂಡ್ತಿ ಎಡೇನೂ ನಿಲ್ಸ್ದ, ಊರೋರ ನರೂಲಿ ಬೆಲ್ಲಕ್ಕೂ ಕೈ ಆಕ್ದ. ಬುದ್ದಿ ಕೆಟ್ಟದೆ ಕಣ್ಲಾ ಇವುಂಗೆ," ಎಂದು ಎದುರು ಮನೆಯ ಕೆಂಚಯ್ಯ ಜಗಲಿಯ ಮೇಲೆ ಕೂತು ಸಾರಿದ. ಅವನಿಗೆ ಬೇರೆ ಕೆಲಸವೂ ಇರಲಿಲ್ಲ. ಬೈಗುಳ ಪುಟ್ಟಸಿದ್ದಯ್ಯನಿಗೆ ತಾಗಲೇ ಇಲ್ಲ. ಮರಗಟ್ಟಿದ ಮನಸ್ಸಿಗೆ ಅದೊಂದು ಅನುಕೂಲ.

ಎರಡನೇ ವಾರ ಪಾಚಿ ಹಳದಿಯಾಯಿತು. ನಾಲ್ಕನೇ ವಾರ ಮೀನು ಕಲ್ಲಿಗೆ ಬಾಯಿ ಹಚ್ಚಿ ಕಚ್ಚಿ ಎಳೆಯುವುದು ಕಂಡಿತು. ಆರನೇ ವಾರಕ್ಕೆ ಕಲ್ಲಿನ ಮೇಲೆ ಉಳಿಯ ಗುರುತು ಎದ್ದು ಬಂತು. ಬೀಸುಕಲ್ಲಿನ ಹಾಗೆ ತರಿತರಿ.

ಗಂಗೆ ಪೂಜೆಯ ಬೆಳಿಗ್ಗೆ ಶಿವನಂಜಮ್ಮ ಮಗುವನ್ನು ಎತ್ತಿಕೊಂಡು ಮೇಲೆ ನಿಂತಳು. ಪುಟ್ಟಸಿದ್ದಯ್ಯ ನೀರಿಗೆ ಇಳಿದು, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿ ನಿಂತ. ಪುಟ್ಟಮಾದಮ್ಮ ಬಿಂದಿಗೆ ಹಿಡಿದು ಇಳಿದಳು. ಒಂದು, ಎರಡು, ಮೂರು. ನಾಲ್ಕನೆಯದರ ಮೇಲೆ ಪಾದ ಊರಿದಳು. ಕಾಲು ನಿಂತಿತು. ಅರಿಶಿನ ಕುಂಕುಮ ಹಾಕಿ, ಬಗ್ಗಿ ನೀರು ತುಂಬಿ, ತಿರುಗಿ ಮೇಲಕ್ಕೆ ಹತ್ತಿ ಹೋದಳು.

"ಬಾ ಅಪ್ಪಾ, ಮಗಾ ಅಳ್ತದೆ," ಎಂದು ಕರೆದಳು.

ಅವನು ಬರಲಿಲ್ಲ. ನೀರಲ್ಲೇ ಕುಕ್ಕರಿಸಿ ಆ ಕಲ್ಲನ್ನು ಅಂಗೈಯಿಂದ ಸವರುತ್ತಿದ್ದ. ಮಗಳು ಬಿಂದಿಗೆ ಇಳಿಸಿ ಓಡಿ ಬಂದಳು. ಅವನ ಗಂಟಲಿಂದ ಮಾತು ಬರುವುದಕ್ಕೆ ಮೊದಲು ಏನೋ ಸದ್ದು ಬಂತು. ಅಪ್ಪ ಅಳುವುದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

"ಆರೇ ವಾರ ಕಣವ್ವಾ," ಎಂದ. "ಆಗ ಆರು ವಾರ ನಾನಿಲ್ಲಿ ಮೀನಿಗೆ ಆಕ್ದೆ ಇದ್ದಿದ್ರೆ ನಿಮ್ಮವ್ವ ಬದ್ಕಿರೋಳು."