ಹೊತ್ತು ಮುಳುಗಿದ ಮೇಲೆ ಗಿಡಗಳ ಊಟ

ಗೆಳೆಯರೇ, ಇವತ್ತು ಸಂಜೆ ನಾನು ಪಕ್ಕದ ಮನೆಯ ಗಿಡಗಳಿಗೆ ನೀರು ಹಾಕಿದೆ. ಕಾರಣ ಕೇಳಿ.

ಈ ಬೇಸಿಗೆಗೆ ನಮ್ಮ ಸದಲಗಾದಲ್ಲಿ ಹೊಸ ನಿಯಮ: ಕೈತೋಟಕ್ಕೆ ಪೈಪು ಹಿಡಿಯಬಾರದು, ಬಿಸಿಲಿರುವಾಗ ನೀರು ಹಾಕಬಾರದು; ತಪ್ಪಿದರೆ ದಂಡ. ನಾಲ್ಕು ಗಂಟೆಗೆ ಪಕ್ಕದ ಜೈನರ ಮನೆಯ ಆಯಿ ಕೊಡ ಹಿಡಿದು ಮಲ್ಲಿಗೆಯ ಹತ್ತಿರ ನಿಂತಿದ್ದರು. ಅಷ್ಟರಲ್ಲಿ ಓಣಿಗೆ ನೀರು ಬಿಡುವ ನೌಕರ ಬಂದ.

"ಆಯಿ, ಹೊತ್ತ ಮುಳಗಿದ ಮ್ಯಾಲ ಹಾಕ್ರಿ. ಬಿಸಲಾಗ ಹಾಕಿದ ನೀರ ಆರಿ ಹೊಕ್ಕಾವು."

"ನಮ್ಮ ಮನ್ಯಾಗ ಹೊತ್ತ ಮುಳಗಿದ ಮ್ಯಾಲ ಯಾರೂ ಉಣ್ಣೂದಿಲ್ಲೋ ತಮ್ಮಾ. ಗಿಡಕ್ಕಷ್ಟ ಹೆಂಗ ಉಣಸಲಿ?"

ಆತ ಟೋಪಿ ತೆಗೆದು ತಲೆ ಕೆರೆದುಕೊಂಡ. ದಂಡದ ಮಾತೇ ಎತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, "ಮಾಸ್ತರ, ನೀವು ರಾತ್ರಿ ಉಣ್ಣಾವ್ರಲ್ಲೇನ್ರಿ? ನೀವ ಹಾಕಿಬಿಡ್ರಿ" ಎಂದ. ಆಯಿ ತುಸು ಯೋಚಿಸಿ, ಆಗಲಿ ಎಂದು ತಲೆಯಾಡಿಸಿದರು.

ಏಳು ಗಂಟೆಗೆ ತಂಬಿಗೆಯಿಂದ ಎಲ್ಲ ಕುಂಡಗಳಿಗೂ ನೀರು ಹಾಕಿ ಬೆನ್ನು ನೆಟ್ಟಗೆ ಮಾಡುತ್ತಿದ್ದೆ. ಕಿಟಕಿಯಿಂದ ಆಯಿಯ ದನಿ ಬಂತು: "ಮಾಸ್ತರ, ಆ ಮೂಲ್ಯಾಗಿನ ದಾಸಾಳ ಬಿಟ್ರಿ ನೋಡ್ರಿ. ಪಾಪ, ಹಸಗೊಂಡ ಮಲಗತೈತಿ."

ಮತ್ತೆ ತಂಬಿಗೆ ತುಂಬಿಕೊಂಡೆ. ಮಾಸ್ತರರ ಊಟ ಆಯಿತೇ ಎಂದು ಮಾತ್ರ ಯಾರೂ ಕೇಳಲಿಲ್ಲ.