ಬೂತಾಯಿ ಬಿಟ್ಟ ಹರಕೆ

ತೆಂಗಿನಕಾಯಿ ತುರಿಯುತ್ತ ಕುಳಿತಿದ್ದೆ, ಮಗಳು ಅಕ್ಷತಾಳ ಫೋನು ಬಂತು. ದೋಣಿಯಿಂದ ಇಳಿದವಳೇ ಮಾಡಿದ್ದಳು. "ಅಮ್ಮ, ಈ ಸಲ ಬಲೆ ಹಸಿರು ಹಸಿರು. ನಿನ್ನ ದೇವರಿಗೆ ಹೇಳು."

ಹೇಳಿದೆ. ಕೈಮುಗಿದು ಏಳುವಾಗ ಎದೆಯಲ್ಲಿ ಸಣ್ಣದೊಂದು ಅಳುಕು. ಹಸಿರು ಬಂತೆಂದರೆ ಹಿಂದೆಯೇ ಬೂತಾಯಿ ಮೀನೂ ಬರುತ್ತದೆ. ನಾನು ಬೂತಾಯಿ ಬಿಟ್ಟವಳು.

ಮಗಳ ಸಂಶೋಧನೆ ಸಸ್ಯಪ್ಲವಕಗಳ ಮೇಲೆ. ಬರಿಗಣ್ಣಿಗೆ ಕಾಣದ, ಬೇರಿಲ್ಲದೆ ಕಡಲಲ್ಲಿ ತೇಲುವ ಗಿಡಗಳು. ಬಟ್ಟೆಯಂಥ ಬಲೆಯಲ್ಲಿ ಅವನ್ನು ಸೋಸಿ, ಎಣಿಸಿ, ಬರೆದರೆ ಡಾಕ್ಟರೇಟು. ಅವಳು ಸೇರಿದ ದಿನ ನಾನು ಹರಕೆ ಹೊತ್ತೆ: ಅದು ಕೈಸೇರುವವರೆಗೆ ಬೂತಾಯಿ ತಿನ್ನುವುದಿಲ್ಲ. ಕಾಶಿಗೆ ಹೋದವರು ಇಷ್ಟದ ತಿನಿಸೊಂದನ್ನು ಬಿಟ್ಟು ಬರಬೇಕೆಂದರೆ ಹಾಗಲಕಾಯಿ ಬಿಟ್ಟು ಬರುವ ಜಾಣರು ನಮ್ಮಲ್ಲಿ ಕಡಿಮೆಯಿಲ್ಲ. ನಾನು ಎಣ್ಣೆ ಜಿನುಗುವ ಆ ಸಣ್ಣ ಮೀನನ್ನೇ ಬಿಟ್ಟೆನೆಂದು ಸ್ವಲ್ಪ ಬೀಗಿದ್ದೆ ಕೂಡ.

ಬೀಗಿದ್ದಕ್ಕೆ ದೇವರು ನಯವಾಗಿ ಉತ್ತರ ಕೊಟ್ಟ. ಹೋದ ವರ್ಷ ಬೂತಾಯಿ ಬರಲೇ ಇಲ್ಲ. ಇಡೀ ಮಂಗಳೂರೇ ನನ್ನೊಡನೆ ಹರಕೆ ಹೊತ್ತಂತಾಯಿತು. ಮಣ್ಣಗುಡ್ಡದ ನೆರೆಯವರು ನನ್ನ ಮನೋಬಲವನ್ನು ಹೊಗಳಿದರು. ನಾನು ತಲೆ ತಗ್ಗಿಸಿ ಹೊಗಳಿಸಿಕೊಂಡೆ. ಆದರೆ ಮಗಳ ಬಲೆಯೂ ಒಗೆದು ಹಾಕಿದ ಹಾಗೆ ಬೆಳ್ಳಗೆ ಮೇಲೆ ಬರುತ್ತಿತ್ತು. ಇನ್ನೊಂದು ಮಳೆಗಾಲ ಹೀಗೇ ಹೋದರೆ ಬರೆಯಲು ಏನೂ ಇರುವುದಿಲ್ಲ, ಓದು ಬಿಡುವುದೇ ಎಂದು ಅವಳು ಊಟದ ಬಟ್ಟಲಿನ ಮುಂದೆ ಕುಳಿತು ಅತ್ತಿದ್ದಳು.

ಎರಡು ಬರಗಾಲಕ್ಕೂ ಕಾರಣ ಒಂದೇ ಎಂದು ಅವಳಿಂದ ತಿಳಿದದ್ದು ಆಗ. ಮಳೆಗಾಲದ ಗಾಳಿ ದಡದ ಉದ್ದಕ್ಕೂ ತೆಂಕಕ್ಕೆ ಬೀಸುತ್ತದಂತೆ. ಭೂಮಿ ತಿರುಗುತ್ತಿರುವುದರಿಂದ ಮೇಲಿನ ನೀರು ಗಾಳಿ ಹೇಳಿದ ಕಡೆ ಹೋಗದೆ ಪಡುವಣಕ್ಕೆ ಜಾರುತ್ತದೆ. ನಮ್ಮ ಮನೆಯವರನ್ನು ಪೇಟೆಗೆ ಕಳಿಸಿದರೂ ಹೀಗೆಯೇ. ಆ ಜಾಗ ತುಂಬಲು ಅಡಿಯ ತಣ್ಣೀರು ತಳದ ಸತ್ವವನ್ನೆಲ್ಲ ಹೊತ್ತು ಮೇಲೇಳುತ್ತದೆ. ಗಂಜಿಯ ತಿಳಿ ಬಗ್ಗಿಸಿದರೆ ಅಡಿಯ ಅನ್ನ ಕಾಣುವ ಹಾಗೆ. ಬಿಸಿಲು ತಾಗಿತೋ, ಕಡಲು ಹಸಿರು. ಆ ಹಸಿರೇ ಬೂತಾಯಿಯ ಊಟ. ನೀರಿನ ಹರಿವು ಅದನ್ನು ದಡದುದ್ದಕ್ಕೂ ಹಂಚುತ್ತ ಹೋಗುತ್ತದೆ, ಎಲ್ಲ ಊರಿಗೂ ಸಮಪಾಲಲ್ಲ. ಹೋದ ವರ್ಷ ಗಾಳಿ ಸೋತಿತ್ತು. ಸಾಲದ್ದಕ್ಕೆ ನದಿಗಳ ಸಿಹಿನೀರು ಮೇಲೆ ಮುಚ್ಚಳದಂತೆ ಕುಳಿತಿತ್ತು.

ಅಂದರೆ ನಾನು ಮಗಳಿಗಾಗಿ ದಿನವೂ ಬೇಡಿಕೊಂಡದ್ದು, ನನಗೆ ತಿಳಿಯದೆ, ಬೂತಾಯಿಯನ್ನೇ.

ಈ ಸಲ ಮಗಳ ಫೋನು ಬಂದ ಕೆಲವು ವಾರಗಳಲ್ಲಿ ಅದು ಬಂದೇ ಬಂತು. ಬಂದರಿನಲ್ಲಿ ಬುಟ್ಟಿ ಬುಟ್ಟಿ. ಹೋದ ವರ್ಷದ ಉಪವಾಸವನ್ನು ಈ ವರ್ಷದ ಲೆಕ್ಕಕ್ಕೂ ಹಿಡಿಯಬಹುದಲ್ಲವೇ ಎಂದು ಮೀನು ಮಾರುವ ಗಿರಿಜಕ್ಕನ ಮುಂದೆ ತಮಾಷೆಗೆಂಬಂತೆ ಮಾತು ತೆಗೆದೆ. ಅವಳು ತಕ್ಕಡಿಯಿಂದ ತಲೆ ಎತ್ತಲಿಲ್ಲ. "ಎಂತ ಅಕ್ಕ, ಮೀನೇ ಇಲ್ಲದಾಗ ಬಿಟ್ಟದ್ದು ಹರಕೆಯಾ? ಹಾಗಾದ್ರೆ ನನ್ನ ಬೆಕ್ಕು ನಿಮಗಿಂತ ದೊಡ್ಡ ಭಕ್ತೆ."

ಮನೆಯವರಿಗೆಂದು ಒಂದು ಕಿಲೋ ತಂದೆ. ಮಗಳಂತೂ ಫೋನಿನಲ್ಲಿ ತಿನ್ನು ಎಂದೇ ಹಟ ಹಿಡಿದಳು.

"ನೀರು ಮೇಲೆ ಬಂದದ್ದು ಗಾಳಿಯಿಂದ ಅಮ್ಮ, ನಿನ್ನ ಹರಕೆಯಿಂದ ಅಲ್ಲ."

"ಗಾಳಿಯದ್ದು ಗಾಳಿ ನೋಡಿಕೊಳ್ತದೆ. ನಿನ್ನ ಬರೆಯುವುದು ಎಷ್ಟು ಬಾಕಿ ಉಂಟು?"

"ಇನ್ನೊಂದು ವರ್ಷ."

ಅವಳು ಹೇಳಿದ್ದು ನಿಜವಿರಬಹುದು. ನನ್ನ ನಾಲಿಗೆಯನ್ನು ಕೇಳಿ ಕಡಲು ಏಳುವುದಿಲ್ಲ. ಆದರೆ ಕಾಣದ ಗಿಡಗಳಿಗಾಗಿ ವರ್ಷಗಟ್ಟಲೆ ಕಾಯುವ ಹುಡುಗಿಯ ಜೊತೆಗೆ ಮನೆಯಲ್ಲೊಬ್ಬರು ಕಾಯುವುದರಲ್ಲಿ ತಪ್ಪೇನಿದೆ? ಒಂದು ವರ್ಷವಾದರೆ ಒಂದು ವರ್ಷ. ಹೇಗೂ ಮೂಗಿಗೆ ಪರಿಮಳ ಬೇಡವೆಂದು ನಾನು ಹರಕೆ ಹೊತ್ತಿಲ್ಲ. ಅಷ್ಟರಮಟ್ಟಿಗೆ ದೇವರು ದಯಾಳು.

ಹುರಿದ ಬೂತಾಯಿಯ ಮುಂದೆ ಒಂದು ಗಳಿಗೆ ಹೆಚ್ಚೇ ನಿಂತೆ. ಆಮೇಲೆ ಉಪ್ಪು ನೋಡಲು ಮನೆಯವರನ್ನು ಕರೆದು, ಮಸಾಲೆ ಅರೆದ ಕಲ್ಲು ತೊಳೆಯಲು ಹೋದೆ.