ಎರಡನೆಯ ಆಂಪ್ಲಿಫೈಯರ್

ನನ್ನ ಹೊಸ ಹೆಡ್‌ಫೋನ್ ಮುನ್ನೂರು ಓಮ್‌ನದು, ಫೋನಿನ ಶಕ್ತಿ ಅದಕ್ಕೆ ಸಾಲದು. ಫೋನಿಗೆ ಹಚ್ಚಿದರೆ ಹಾಡು ಗೋಡೆಯಾಚೆಯಿಂದ ಬಂದಂತೆ ಕೇಳುತ್ತಿತ್ತು. ಅದಕ್ಕೆ ತಕ್ಕ ಆಂಪ್ಲಿಫೈಯರ್ ಆರಿಸಲು ಪುಣೆಯ ಬುಧವಾರ ಪೇಟೆಯಲ್ಲಿ ವಿಜಯಪುರದವರೊಬ್ಬರ ಅಂಗಡಿಗೆ ಹೋದೆ.

ಅವರು ಮೊದಲು ಬೆಂಕಿಪೆಟ್ಟಿಗೆಯಷ್ಟು ಸಣ್ಣದೊಂದನ್ನು ಕೊಟ್ಟರು. ದನಿ ಏರಿತು, ಆದರೆ ತಬಲಾದ ಪೆಟ್ಟಿನಲ್ಲಿ ಜೀವವಿರಲಿಲ್ಲ.

"ಇದರ ವೋಲ್ಟೇಜ್ ಸಾಲೂದಿಲ್ರಿ. ಇದನ್ನ ಕೇಳ್ರಿ," ಎಂದು ಕರೆಂಟಿಗೆ ಹಚ್ಚುವ, ಇಟ್ಟಿಗೆಯಷ್ಟು ಭಾರದ ಇನ್ನೊಂದನ್ನು ಜೋಡಿಸಿದರು. ಈಗ ತಬಲಾ ಎದೆಗೇ ಗುದ್ದಿತು. ಕಣ್ಣು ಮುಚ್ಚಿ ಕೇಳುತ್ತ ಕುಳಿತೆ.

ಕೌಂಟರ್ ಅದುರಿದಾಗ ಕಣ್ಣು ತೆರೆದೆ. ಯಾರೋ ಒಬ್ಬ ಅಂಗಡಿಯವರ ಕೂದಲು ಹಿಡಿದು ಮುಖವನ್ನು ಕೌಂಟರಿನ ಗಾಜಿಗೆ ಜಜ್ಜುತ್ತಿದ್ದ. ಗಾಜು ಒಡೆದದ್ದು ನನಗೆ ಕೇಳಿಸಿರಲೇ ಇಲ್ಲ. ಹೆಡ್‌ಫೋನ್ ಕಿತ್ತಾಗ "ಅಂಗಡಿ ನಂದು, ನಂದು" ಎಂಬ ಅವನ ಕೂಗು ಕಿವಿಗೆ ಬಿತ್ತು. ಅವನು ಅವರ ಸ್ವಂತ ಅಣ್ಣ ಎಂದು ಆಮೇಲೆ ತಿಳಿಯಿತು.

ಅವನ ಸೊಂಟ ಹಿಡಿದು ಎಳೆದೆ. ಮೊಣಕೈಯಿಂದ ನನ್ನ ದವಡೆಗೆ ಹೊಡೆದ. ಬಾಯಿ ತುಂಬ ರಕ್ತ. ಬಿಡಿಸಿಕೊಂಡವನೇ ಗಾಜಿನ ಚೂರು ಹಿಡಿದು ತಮ್ಮನ ಕುತ್ತಿಗೆಗೆ ಹೋದ. ನಾನು ಆ ಭಾರದ ಆಂಪ್ಲಿಫೈಯರನ್ನೇ ಎತ್ತಿ ಅವನ ಮಣಿಕಟ್ಟಿಗೆ ಬೀಸಿದೆ. ಎಲುಬು ಲಟಕ್ಕೆಂದಿತು. ಅವನು ನೆಲಕ್ಕೆ ಕುಸಿದು ಅಳತೊಡಗಿದ.

ಆಸ್ಪತ್ರೆಯಲ್ಲಿ ಹಣೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ಅಂಗಡಿಯವರು, "ಅಣ್ಣನ ಕೈ ಹ್ಯಾಂಗ ಅದರಿ?" ಎಂದು ಕೇಳಿದರು.

"ಮುರದದರಿ," ಎಂದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಆಂಪ್ಲಿಫೈಯರನ್ನು ಪೊಲೀಸರು ಸಾಕ್ಷಿಗೆಂದು ಒಯ್ದರು. ಅಂಥದ್ದೇ ಇನ್ನೊಂದನ್ನು ನಾನು ಬೇರೆ ಅಂಗಡಿಯಲ್ಲಿ ಕೊಂಡೆ.